ದಸರಾ ಸೂಟಿಗೆ ಗುಳೇದಗುಡ್ಡದ ಸೋದರತ್ತೆ ಮನೆಯಲ್ಲಿ ಎಂಟು ದಿನ: ಲಾಡ್ಜ್ ಮಾಡ್ಲಾ, ಬೇಡ್ವಾ?

ಮೈಸೂರ್ ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಮೈಸೂರಿನವಳು. ನಮ್ಮವರ ಮೂಲ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಮಾವನವರು ನೌಕರಿಗೆ ಅಂತ ಊರು ಬಿಟ್ಟು ನಲವತ್ತು ವರ್ಷ ಆಯ್ತು. ಈಗ ಅಲ್ಲಿ ಇರೋದು ನಮ್ಮವರ ಸೋದರತ್ತೆ, ಅವರ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಮದುವೆಯಾದ ಒಂಬತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋಗಿದ್ದು ಎರಡೇ ಸಲ. ಎರಡೂ ಸಲ ಯಾರದ್ದೋ ಮದುವೆಗೆ. ಬೆಳಗ್ಗೆ ಇಳಿದು, ಅಕ್ಷತೆ ಹಾಕಿ, ಊಟ ಮಾಡಿ, ರಾತ್ರಿ ವಾಪಸ್ ರೈಲು.

ಈ ಸಲ ಅತ್ತೆ ಫೋನಿನಲ್ಲಿ "ದಸರಾ ಸೂಟಿ ಪೂರಾ ಇಲ್ಲೇ ಇರಬೇಕು ನೋಡು, ಸೀಗಿ ಹುಣ್ಣಿಮಿ ಮುಗಿಸ್ಕೊಂಡ ಹೋಗ್ರಿ" ಅಂದರು. ನಮ್ಮವರು ನನ್ನ ಮುಖ ಕೂಡ ನೋಡದೆ "ಆತು ಅತ್ತಿ" ಅಂದುಬಿಟ್ಟರು. ಎಂಟು ದಿನ!

ನನ್ನ ಚಿಂತೆ ಇಷ್ಟು. ಮಕ್ಕಳಿಗೆ ಎಂಟು ಮತ್ತು ಐದು ವರ್ಷ, ಖಾರ ತಿನ್ನಲ್ಲ. ಆ ಮನೆಯಲ್ಲಿ ಒಂದೇ ಬಚ್ಚಲು, ನಾವು ಹೋದರೆ ಒಂಬತ್ತು ಜನ. ನಮ್ಮವರು ಊರಿಗೆ ಕಾಲಿಟ್ಟ ತಕ್ಷಣ ಯಾವುದೋ ಕಟ್ಟೆ ಮೇಲೆ ಮಾಯ ಆಗ್ತಾರೆ, ನಾನು ಒಬ್ಬಳೇ ಸೋಫಾ ಮೇಲೆ ಕೂತು ಎಲ್ಲರಿಗೂ ನಗ್ತಾ ಇರಬೇಕು. ನಮ್ಮಕ್ಕ "ಬಾದಾಮಿಯಲ್ಲಿ ಲಾಡ್ಜ್ ಮಾಡು, ದಿನಾ ಹೋಗಿ ಮುಖ ತೋರಿಸಿ ಬಾ" ಅಂತಾಳೆ. ಅತ್ತೆಗೆ ಬೇಜಾರಾಗುತ್ತಾ? ಏನು ತಗೊಂಡು ಹೋಗಲಿ? ಮತ್ತೆ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ಆಲಮಟ್ಟಿ, ವಿಜಯಪುರ ಎಲ್ಲಾ ನೋಡೋಕೆ ಎಂಟು ದಿನ ಸಾಕಾ?

ಗುಡ್ಡದ ಹುಡುಗ:

ಅಕ್ಕಾರ, ಲಾಡ್ಜ್ ಅನ್ನೋ ಪದ ಆ ಮನೆಯಲ್ಲಿ ಬಾಯಿಗೂ ತರಬೇಡ್ರಿ. ನಮ್ಮ ಕಡೆ ಊರಲ್ಲಿ ಸ್ವಂತದವರ ಮನೆ ಇದ್ದು ಲಾಡ್ಜಿನಲ್ಲಿ ಇಳಿದರೆ ಓಣಿಯವರು ಕೇಳೋದು ಒಂದೇ ಪ್ರಶ್ನೆ: "ಏನಾತು, ಜಗಳ ಆಗೇತೇನು?" ನಮ್ಮ ಕಾಕಾನ ಮಗ ಒಮ್ಮೆ ಹೆಂಡತಿ ಮಕ್ಕಳ ಜೊತೆ ಬಂದು ಬಾದಾಮಿಯಲ್ಲಿ ರೂಮು ಮಾಡಿದ್ದ. ಹನ್ನೆರಡು ವರ್ಷ ಆಯ್ತು. ಇವತ್ತಿಗೂ ಯಾವ ಮದುವೆಗೆ ಬಂದರೂ "ರೂಮ್ ಬುಕ್ ಮಾಡೀಯೇನಪಾ?" ಅಂತ ಕೇಳ್ತಾರೆ.

ಒಂದೇ ಬಚ್ಚಲು ಅಂತ ಹೆದರಬೇಡಿ. ಎದ್ದ ಹೊತ್ತಿನ ಮೇಲೆ ಪಾಳಿ. ಐದೂವರೆಗೆ ಎದ್ದರೆ ಹಂಡೆ ತುಂಬಾ ಬಿಸಿನೀರು ನಿಮ್ಮದೇ. ಎಂಟಕ್ಕೆ ಎದ್ದರೆ ಕೊಡದ ನೀರು ಮತ್ತು ನಿಮ್ಮ ಹಣೆಬರಹ.

ಮಧ್ಯದ ಬರ್ತ್:

ಹೋಗೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಮೈಸೂರಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ. ಬೆಂಗಳೂರು, ಹುಬ್ಬಳ್ಳಿ, ಗದಗ ದಾಟಿ ಬೆಳಗ್ಗೆ ಬಾದಾಮಿಯಲ್ಲಿ ಇಳಿಸುತ್ತೆ. ಸ್ಟೇಷನ್ ಊರಿಂದ ಐದು ಕಿಲೋಮೀಟರ್ ಆಚೆ ಇದೆ, ಹಾಗಾಗಿ ಇಳಿದ ತಕ್ಷಣ ಗುಹೆ ಕಾಣಲಿಲ್ಲ ಅಂತ ಗಾಬರಿ ಆಗಬೇಡಿ. ದಸರಾ ಟಿಕೆಟ್ ಈಗಲೇ ಮಾಡಿಸಿ. ಹಬ್ಬದ ಹಿಂದಿನ ದಿನ ಜನರಲ್ ಬೋಗಿಯಲ್ಲಿ ನಿಂತವರ ಕಾಲು ಯಾರದ್ದು ಅಂತ ಗೊತ್ತಾಗಲ್ಲ.

ಲಾಡ್ಜ್ ಪಾರ್ಟಿ:

ಎಲ್ಲರೂ ಭಾವುಕರಾಗ್ತಿದ್ದೀರಿ, ನಾನೊಬ್ಬ ಉಲ್ಟಾ ಹೇಳ್ತೀನಿ. ನಮ್ಮ ಚಿಕ್ಕಮ್ಮನ ಮನೆ ಬೈಲಹೊಂಗಲದಲ್ಲಿ. ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಆರು ದಿನ ಅವರ ಮನೆಯಲ್ಲೇ ಇದ್ದೆವು. ಮೂರನೇ ದಿನಕ್ಕೆ ನನ್ನ ಹೆಂಡತಿಗೂ ಚಿಕ್ಕಮ್ಮನ ಮಗಳಿಗೂ ಮಾತು ಬಿಟ್ಟಿತ್ತು. ಕಾರಣ ಕೇಳಿದರೆ ನಗ್ತೀರಿ: ಫ್ಯಾನು. ಒಂದೇ ಫ್ಯಾನಿನ ಕೆಳಗೆ ಯಾರ ಮಕ್ಕಳು ಮಲಗಬೇಕು ಅಂತ.

ಮುಂದಿನ ಸಲ ಬೆಳಗಾವಿಯಲ್ಲಿ ರೂಮು ಮಾಡಿದೆವು. ಬೆಳಗ್ಗೆ ತಿಂಡಿ ಮುಗಿಸಿ ಕುಂದಾ ಕಟ್ಟಿಸಿಕೊಂಡು ಹೋದೆವು, ಸಂಜೆವರೆಗೆ ಎಲ್ಲರೂ ನಗ್ತಾ ಇದ್ದೆವು. ದೂರ ಇದ್ದರೆ ಪ್ರೀತಿ ಉಳಿಯುತ್ತೆ ರೀ. ಚಿಕ್ಕಮ್ಮ ಒಂದು ದಿನ ಮುಖ ಊದಿಸಿದರು, ಆಮೇಲೆ ಸರಿಹೋದರು.

ಗುಮ್ಮಟದ ಊರಿನವ:

ಪಟ್ಟಿಯಲ್ಲಿ ವಿಜಯಪುರವನ್ನು ಕೊನೆಗೆ ಹಾಕಿದ್ದೀರಿ, ಅದೊಂದು ನೋವು. ಮಕ್ಕಳಿಗೆ ಗೋಲಗುಂಬಜ್ ತೋರಿಸದೆ ಉತ್ತರ ಕರ್ನಾಟಕ ನೋಡಿದ್ದೀವಿ ಅಂತ ಹೇಳಬೇಡಿ. ಮೂಲೆಯ ಮಿನಾರಿನ ಒಳಗೆ ಏಳು ಅಂತಸ್ತು ಹತ್ತಬೇಕು. ಮೇಲೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಕಡೆ ನಿಂತವರಿಗೆ ಕೇಳಿಸುತ್ತೆ. ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಅದು, ಆತ ತೀರಿಕೊಂಡದ್ದು 1656ರಲ್ಲಿ. ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆ ಮೇಲೆ ಶಾಲೆ ಮಕ್ಕಳು ಬಂದು ಶಿಳ್ಳೆ ಹೊಡೆಯೋಕೆ ಶುರು ಮಾಡಿದರೆ ಪಿಸುಮಾತು ಇರಲಿ, ನಿಮ್ಮ ಮಾತು ನಿಮಗೇ ಕೇಳಲ್ಲ. ಇಬ್ರಾಹಿಂ ರೋಜಾ ಮಾತ್ರ ಸಂಜೆಗೆ ಇಟ್ಟುಕೊಳ್ಳಿ, ಅಲ್ಲಿ ಗಲಾಟೆ ಇಲ್ಲ.

ಗುಡ್ಡದ ಹುಡುಗ:

ಅಣ್ಣಾ, ಗುಳೇದಗುಡ್ಡದಿಂದ ನಿಮ್ಮ ಊರಿಗೆ ಹೋಗಿ ಬರೋದು ಅಂದರೆ ಒಂದು ದಿನ ಪೂರ್ತಿ ಹೋಯ್ತು. ಅವರು ನೆಂಟರ ಮನೆಗೆ ಬರ್ತಿದ್ದಾರೋ, ಟೂರಿಸ್ಟ್ ಬಸ್ಸಿನಲ್ಲಿ ಬರ್ತಿದ್ದಾರೋ? ದಿನಾ ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಟು ರಾತ್ರಿ ಒಂಬತ್ತಕ್ಕೆ ಬಂದು "ಅತ್ತಿ, ಊಟ" ಅಂದರೆ ಅದೂ ಲಾಡ್ಜೇ. ಬಿಲ್ ಬರಲ್ಲ ಅಷ್ಟೇ.

ರೊಟ್ಟಿ ಬಡಿಯುವವಳು:

ಇದನ್ನ ಎರಡು ದಿನದಿಂದ ಓದ್ತಾ ಇದ್ದೀನಿ. ಇವತ್ತು ಮಧ್ಯಾಹ್ನ ಪುರುಸೊತ್ತು ಸಿಕ್ಕಿದೆ, ಬರೆದೇಬಿಡ್ತೀನಿ.

ನಾನು ಆ ಕಡೆಯವಳು. ಅಂದರೆ ನೆಂಟರು ಬಂದು ಇಳಿಯೋ ಮನೆಯ ಸೊಸೆ. ಊರು ಮುಧೋಳ. ಮದುವೆಯಾಗಿ ಹದಿನಾರು ವರ್ಷ. ಬೇಸಿಗೆ, ದಸರಾ, ದೀಪಾವಳಿ ಅಂತ ವರ್ಷಕ್ಕೆ ಮೂರು ಸಲ ಮನೆ ತುಂಬುತ್ತೆ. ನೆಂಟರು ಬಂದರೆ ನನಗೂ ಖುಷಿನೇ, ಸುಳ್ಳು ಹೇಳಲ್ಲ.

ಆದರೆ ಇಲ್ಲಿ ಎಲ್ಲರೂ "ಅತ್ತೆಗೆ ಬೇಜಾರಾಗುತ್ತಾ" ಅಂತ ಮಾತಾಡ್ತಿದ್ದೀರಿ. ಆ ಮನೆಯಲ್ಲಿ ಒಬ್ಬ ಸೊಸೆ ಇದ್ದಾಳೆ ಅಂತ ಮೊದಲ ಪೋಸ್ಟಿನಲ್ಲೇ ಬರೆದಿದ್ದಾರೆ. ಅವಳ ಬಗ್ಗೆ ಒಬ್ಬರೂ ಕೇಳಲಿಲ್ಲ. ಕರೆದವರು ಅತ್ತೆ. ರೊಟ್ಟಿ ಬಡಿಯೋದು ಯಾರು?

ಲೆಕ್ಕ ಹೇಳ್ತೀನಿ ಕೇಳಿ. ನಮ್ಮ ಮನೆಯಲ್ಲಿ ಐದು ಮಂದಿ ಇದ್ದಾಗ ಒಂದು ಹೊತ್ತಿಗೆ ಹನ್ನೆರಡು ರೊಟ್ಟಿ. ನೆಂಟರು ನಾಲ್ಕು ಮಂದಿ ಬಂದರೆ ಇಪ್ಪತ್ತೆರಡು. ಚಪಾತಿ ಹಿಟ್ಟಿನ ಹಾಗೆ ಬೆಳಗ್ಗೆನೇ ಕಲಸಿ ಡಬ್ಬಿಯಲ್ಲಿ ಇಡೋಕೆ ಆಗಲ್ಲ. ಜೋಳದ ಹಿಟ್ಟಿಗೆ ಗೋಧಿ ಹಾಗೆ ಜಿಗುಟು ಇಲ್ಲ. ಕುದಿಯೋ ನೀರು ಹಾಕಿ ಕಲಸಿ, ಒಂದೊಂದೇ ಉಂಡೆ ತಗೊಂಡು ಪರಾತದಲ್ಲಿ ಅಂಗೈಯಿಂದ ನಾದಬೇಕು, ಬಡಿಯಬೇಕು, ಹೆಂಚಿಗೆ ಹಾಕಿ ಮೇಲೆ ನೀರು ಸವರಬೇಕು, ತಿರುವಬೇಕು, ಉಬ್ಬಿಸಬೇಕು. ಒಂದಕ್ಕೆ ಎರಡು ನಿಮಿಷ ಹಿಡಿದರೂ ಮುಕ್ಕಾಲು ಗಂಟೆ ಒಲೆ ಮುಂದೆ. ನಡುವೆ ಯಾರೋ "ವೈನಿ, ಚಾರ್ಜರ್ ಎಲ್ಲೈತಿ?" ಅಂತ ಕೂಗಿ ಎದ್ದು ಹೋದರೆ ಬಂದು ನೋಡೋ ಹೊತ್ತಿಗೆ ಹಿಟ್ಟು ಆರಿ ಅಂಚು ಒಡೀತಿರುತ್ತೆ. ಮತ್ತೆ ನೀರು, ಮತ್ತೆ ನಾದು.

ಇನ್ನೊಂದು ಮಾತು. ಮೈಸೂರು, ಬೆಂಗಳೂರು ಕಡೆಯವರು ಪಾಪ ಒಳ್ಳೆ ಮನಸ್ಸಿಂದಲೇ "ನಮಗೆ ಏನೂ ಬೇಡ, ಸಿಂಪಲ್ಲಾಗಿ ಅನ್ನ ಸಾರು ಮಾಡಿ" ಅಂತಾರೆ. ಮನೆಯ ಗಂಡಸರು ರೊಟ್ಟಿ ಬಿಡಲ್ಲ. ಹಾಗಾದರೆ ನಿಮ್ಮ ಸಿಂಪಲ್ ಅನ್ನ ಸಾರು ಅಂದರೆ ನಮಗೆ ಎರಡನೇ ಅಡುಗೆ. ಅದರ ಬದಲು ಕುಕ್ಕರ್ ನೀವೇ ಇಟ್ಟುಬಿಡಿ. "ನಾನೇನಾದ್ರೂ ಮಾಡ್ಲಾ?" ಅಂತ ಬಾಗಿಲಲ್ಲಿ ನಿಂತು ಕೇಳಬೇಡಿ. ಕೇಳಿದರೆ ನಾವು "ಬ್ಯಾಡ್ರಿ, ಕುಂದರ್ರಿ" ಅಂತಲೇ ಹೇಳ್ತೀವಿ. ಕೇಳದೆ ಬಾಂಡೆ ತಿಕ್ಕೋಕೆ ಕೂತುಬಿಡಿ. ಎರಡನೇ ದಿನದಿಂದ ಯಾರೂ ತಡೆಯಲ್ಲ.

ಮತ್ತೆ ನೀರು. ನಮ್ಮಂಥ ಊರುಗಳಲ್ಲಿ ನಲ್ಲಿ ನೀರು ದಿನಾ ಬರಲ್ಲ. ಬಂದ ದಿನ ಇದ್ದಬದ್ದ ಪಾತ್ರೆಗೆಲ್ಲ ತುಂಬಿ ಇಡ್ತೀವಿ. ನಿಮ್ಮ ಮಗು ಬಚ್ಚಲಲ್ಲಿ ಅರ್ಧ ಗಂಟೆ ಆಟ ಆಡಿದರೆ ನಾನು ಏನೂ ಅನ್ನಲ್ಲ. ಆದರೆ ಕೊಡ ಎಣಿಸ್ತೀನಿ.

ಯಾವ ದಿನ ವಾಪಸ್ ಹೋಗ್ತೀರಿ ಅಂತ ಬಂದ ದಿನವೇ ಹೇಳಿ. "ನೋಡೋಣ" ಅನ್ನೋ ನೆಂಟರಷ್ಟು ಭಯ ಯಾರದ್ದೂ ಇಲ್ಲ.

ಲಾಡ್ಜ್ ಪಾರ್ಟಿ:

ಅಕ್ಕಾ, ನೀವು ಹೇಳಿದ್ದೆಲ್ಲ ನನ್ನ ಪರವಾಗೇ ಇದೆ. ಅದಕ್ಕೇ ಅಲ್ವಾ ಲಾಡ್ಜ್ ಅಂದಿದ್ದು?

ರೊಟ್ಟಿ ಬಡಿಯುವವಳು:

ತಮ್ಮಾ, ಲಾಡ್ಜಿನಲ್ಲಿ ಮಲಗಿ ಮಧ್ಯಾಹ್ನ, ರಾತ್ರಿ ಎರಡು ಹೊತ್ತು ಊಟಕ್ಕೆ ನಮ್ಮ ಮನೆಗೇ ಬರ್ತೀರಿ. ನನಗೆ ಉಳಿದಿದ್ದು ಹಾಸಿಗೆ ಹಾಸೋ ಕೆಲಸ ಒಂದೇ. ಅದನ್ನ ಹೇಗೂ ಮಕ್ಕಳು ಮಾಡ್ತಿದ್ದರು. ಮೇಲೆ ರಾತ್ರಿ ಅಂಗಳದಲ್ಲಿ ಕೂತು ಮಾತಾಡೋ ಹೊತ್ತಿಗೆ ನೀವು ಎದ್ದು ಹೋಗ್ತೀರಿ. ದುಡಿಯೋದು ಇದ್ದೇ ಇರುತ್ತೆ, ಹರಟೆ ಹೋಯ್ತು.

ಲಾಡ್ಜ್ ಪಾರ್ಟಿ:

ಇದಕ್ಕೆ ಉತ್ತರ ಇಲ್ಲ. ಹೆಂಡತಿಗೆ ಓದಿ ಹೇಳಿದೆ. "ಆ ಅಕ್ಕನ ಫ್ಯಾನ್ ಕೆಳಗೆ ಯಾರು ಮಲಗ್ತಾರೆ ಕೇಳಿ" ಅಂದಳು.

ರೊಟ್ಟಿ ಬಡಿಯುವವಳು:

ಎಲ್ಲಾ ಮಕ್ಕಳೂ ಮಾಳಿಗೆ ಮೇಲೆ. ಫ್ಯಾನೇ ಇಲ್ಲ, ಜಗಳನೂ ಇಲ್ಲ.

ಮೈಸೂರ್ ಸೊಸೆ:

ಸತ್ಯ ಹೇಳ್ತೀನಿ, ನನಗೆ ನಾಚಿಕೆ ಆಯ್ತು. ಒಂಬತ್ತು ಜನ ಅಂತ ಬಚ್ಚಲು ಲೆಕ್ಕ ಹಾಕಿದ್ದೆ, ರೊಟ್ಟಿ ಲೆಕ್ಕ ಹಾಕಿರಲಿಲ್ಲ. ಆ ಸೊಸೆಯನ್ನ ನಮ್ಮವರು ವೈನಿ (ಅತ್ತಿಗೆ) ಅಂತಾರೆ, ನಾನೂ ಹಾಗೇ ಕರೀತೀನಿ. ನನಗಿಂತ ಮೂರು ವರ್ಷ ದೊಡ್ಡವರು ಇರಬಹುದು. ಎರಡು ಸಲ ಹೋದಾಗಲೂ ಅವರನ್ನ ನೋಡಿದ್ದು ಅಡುಗೆಮನೆ ಬಾಗಿಲಲ್ಲೇ.

ಸರಿ, ಲಾಡ್ಜ್ ಇಲ್ಲ. ಅತ್ತೆಗೆ ಸೀರೆ ತಗೋಬೇಕು ಅಂತಿದ್ದೀನಿ. ಇಳಕಲ್ ಸೀರೆ ತಗೊಂಡು ಹೋದರೆ ಹೇಗೆ? ಮೈಸೂರಲ್ಲೇ ಒಂದು ಅಂಗಡಿಯಲ್ಲಿ ಚೆನ್ನಾಗಿರೋದು ನೋಡಿದೆ.

ಲಾಳಿ ಸದ್ದು:

ಬೇಡಿ ತಾಯಿ! ಮೈಸೂರಿಂದ ಗುಳೇದಗುಡ್ಡಕ್ಕೆ ಇಳಕಲ್ ಸೀರೆ ಅಂದರೆ ಧಾರವಾಡಕ್ಕೆ ಫೇಡೆ ತಗೊಂಡು ಹೋದ ಹಾಗೆ. ಇಳಕಲ್ ಅದೇ ಜಿಲ್ಲೆ. ಅತ್ತೆ ಸೀರೆ ಮಡಿಕೆ ಬಿಚ್ಚಿ ಮೊದಲು ಸೆರಗು ಹಿಡಿದು ನೋಡ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೆಂಪು ರೇಷ್ಮೆ ಸೆರಗಿನಲ್ಲಿ ಬಿಳಿ ತೆನೆ ಥರ ಬರುತ್ತಲ್ಲ, ಅದಕ್ಕೆ ಟೋಪ ತೆನಿ ಅಂತಾರೆ. ನಿಮ್ಮ ಅಂಗಡಿಯದ್ದು ಬರೀ ಪ್ರಿಂಟ್ ಆಗಿದ್ದರೆ ಅವರು ಒಂದೂ ಮಾತಾಡದೆ ಮಡಚಿ ಇಡ್ತಾರೆ. ಅದು ಬೈದದ್ದಕ್ಕಿಂತ ಕಷ್ಟ.

ಮೈಸೂರಿನದ್ದೇ ಏನಾದರೂ ಒಯ್ಯಿರಿ. ಮೈಸೂರು ಪಾಕ್, ವೀಳ್ಯದೆಲೆ, ಒಳ್ಳೆ ಕಾಫಿಪುಡಿ. ನಮ್ಮ ಕಡೆ ದಿನಾ ಚಹಾನೇ. ಆದರೆ ಫಿಲ್ಟರ್ ಕಾಫಿ ನೀವೇ ಮಾಡಿ ಕೊಟ್ಟರೆ ಓಣಿ ಪೂರಾ ಬಂದು ಕುಡಿದು ಹೋಗುತ್ತೆ.

ಖಣ (ರವಿಕೆ ಬಟ್ಟೆ) ಮಾತ್ರ ಅಲ್ಲೇ ಕೊಳ್ಳಿ. ಗುಳೇದಗುಡ್ಡ ಅಂದರೆ ಖಣ. ನಮ್ಮಪ್ಪ ನೇಕಾರ, ನಾನು ಹುಟ್ಟಿದ್ದೇ ಲಾಳಿ ಸದ್ದಿನಲ್ಲಿ. ಕುಣಿ ಮಗ್ಗದಲ್ಲಿ ಕಾಲು ಗುಂಡಿಗೆ ಇಳಿಬಿಟ್ಟು ಕೂತಿರ್ತಿದ್ದ. ನಾವು ಶಾಲೆಯಿಂದ ಬಂದು ಕಂಡಿಕೆ ಸುತ್ತಿ ಕೊಡ್ತಿದ್ದೆವು. ಆನೆ ಹೆಜ್ಜೆ, ತೇರು ಅಂತ ಒಂದೊಂದು ನಮೂನೆಗೂ ಒಂದೊಂದು ಹೆಸರು. ಈಗ ಪವರ್‌ಲೂಮ್ ಬಂದು ಕೈಮಗ್ಗ ಕಡಿಮೆ ಆಗಿವೆ. ನಿಮ್ಮವರಿಗೆ ಹೇಳಿ, ಕಟ್ಟೆ ಮೇಲೆ ಕೂರೋದು ಬಿಟ್ಟು ಒಂದು ಮುಂಜಾನೆ ಮಕ್ಕಳನ್ನ ಕೈಮಗ್ಗ ಇರೋ ಮನೆಗೆ ಕರ್ಕೊಂಡು ಹೋಗಲಿ. ಮತ್ತೆ ಅಲ್ಲಿ ಚೌಕಾಸಿ ಬೇಡ, ಪ್ಲೀಸ್. ಮಾಲಿನಲ್ಲಿ ಮಾಡದ ಚೌಕಾಸಿ ಮಗ್ಗದ ಮುಂದೆ ಯಾಕೆ?

ಬನ್ನಿ ಬಂಗಾರ:

ನೀವು ಯಾವ ದಿನ ಇಳೀತೀರಿ ಅನ್ನೋದು ಮುಖ್ಯ. ದಸರಾ ಒಳಗೆ ಹೋದರೆ ಮನೆಯಲ್ಲಿ ಘಟ್ಟ ಹಾಕಿರ್ತಾರೆ. ದೇವರ ಮುಂದೆ ಮಣ್ಣಿನಲ್ಲಿ ಕಾಳು ಬಿತ್ತಿ, ಒಂಬತ್ತು ದಿನ ದೀಪ ಆರದ ಹಾಗೆ ನೋಡ್ಕೋತಾರೆ. ಐದು ವರ್ಷದ ಮಗು ಹುಟ್ಟುಹಬ್ಬದ ಕೇಕ್ ಅಂದ್ಕೊಂಡು ಉಫ್ ಅಂತ ಊದಿಬಿಟ್ಟರೆ ಕಥೆ ಮುಗೀತು. ಮೊದಲೇ ಹೇಳಿ ಇಡಿ. (ನಮ್ಮ ಮನೆಯಲ್ಲಿ ಆಗಿದೆ. ಊದಿದ್ದು ನಾನೇ.)

ವಿಜಯದಶಮಿ ಸಂಜೆ ಬನ್ನಿ ಕೊಡೋದು. ಚಿಕ್ಕವರು ಮನೆ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲಿಗೆ ಬೀಳ್ತಾರೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅಂತ ಹೇಳಬೇಕು. ವರ್ಷಪೂರ್ತಿ ಮಾತು ಬಿಟ್ಟವರು ಕೂಡ ಅವತ್ತು ಬನ್ನಿ ಕೊಟ್ಟರೆ ಬೇಡ ಅನ್ನೋ ಹಾಗಿಲ್ಲ. ನಿಮ್ಮವರ ಜೊತೆ ನೀವೂ ಹೋಗಿ. ಒಂದೇ ಸಂಜೆಗೆ ನಲವತ್ತು ಮನೆ ಪರಿಚಯ ಆಗುತ್ತೆ. ಮರುದಿನದಿಂದ ನೀವು ಸೋಫಾ ಮೇಲೆ ಒಬ್ಬರೇ ಕೂರೋ ಪ್ರಶ್ನೆನೇ ಇಲ್ಲ. ಆದರೆ ಹುಷಾರು, ಯಾವ ಮನೆಯನ್ನೂ ಬಿಡಬೇಡಿ. ಬಿಟ್ಟ ಮನೆ ನೆನಪಿಟ್ಟುಕೊಳ್ಳುತ್ತೆ.

ಅದಾಗಿ ಐದನೇ ದಿನ ಸೀಗಿ ಹುಣ್ಣಿಮೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಡಿ ತುಂಬೋ ಹಬ್ಬ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ, ಎಡೆ, ಆಮೇಲೆ ಹೊಲದ ತುಂಬ ಚರಗ (ಎಡೆಯ ಅಡುಗೆ) ಚೆಲ್ಲೋದು. ಊಟದ ಪಟ್ಟಿ ಹೇಳಿದರೆ ನನಗೇ ಹಸಿವಾಗುತ್ತೆ: ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಕರ್ಚಿಕಾಯಿ, ಹೋಳಿಗೆ, ಮೊಸರು ಬುತ್ತಿ. ನೆಲದ ಮೇಲೆ ಕೂತು ಊಟ. ಅತ್ತೆ ಸೀಗಿ ಹುಣ್ಣಿಮೆ ಮುಗಿಸ್ಕೊಂಡು ಹೋಗ್ರಿ ಅಂದಿದ್ದಾರೆ ಅಂದರೆ ಅವರಿಗೆ ಇನ್ನೂ ಹೊಲ ಇದೆ. ಪುಣ್ಯವಂತರು ನೀವು, ನಮ್ಮ ಹೊಲ ಹಿನ್ನೀರಿಗೆ ಹೋಯ್ತು.

ಮಧ್ಯದ ಬರ್ತ್:

ಖಾರದ ಬಗ್ಗೆ: ಮೊಸರು, ತುಪ್ಪ, ಬೆಲ್ಲ. ಬಿಸಿ ರೊಟ್ಟಿಯನ್ನ ಹಾಲಿನಲ್ಲಿ ಮುರಿದು ಬೆಲ್ಲ ಹಾಕಿ ಕೊಡಿ, ಯಾವ ಮಗುವೂ ಬೇಡ ಅನ್ನಲ್ಲ. ಮಿರ್ಚಿ ಭಜಿ ಮಾತ್ರ ನೀವೂ ನೋಡಿಕೊಂಡು ಕಚ್ಚಿ.

ಶಾಸನದ ಹುಚ್ಚ:

ತಿರುಗಾಟಕ್ಕೆ ಎರಡೇ ದಿನ ಇಡಿ. ಒಂದು ದಿನ ಬಾದಾಮಿ ಮತ್ತು ಬನಶಂಕರಿ. ಇನ್ನೊಂದು ದಿನ ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಕೂಡಲಸಂಗಮ ಆದರೆ ಆಯ್ತು. ಆಲಮಟ್ಟಿ, ವಿಜಯಪುರ ಇನ್ನೊಂದು ಸೂಟಿಗೆ.

ಬಾದಾಮಿಯಲ್ಲಿ ಮೂರನೇ ಗುಹೆ ತಪ್ಪಿಸಬೇಡಿ, ಅಲ್ಲಿಯ ಮಂಗಳೇಶನ ಶಾಸನ 578ರದ್ದು. ಕೆರೆಯ ಆಚೆ ಕಡೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅನ್ನೋದು ಅದೇ. ಕನ್ನಡದಲ್ಲಿ ಸಿಕ್ಕಿರೋ ಹಳೇ ತ್ರಿಪದಿ. ಅಲ್ಲಿಗೆ ಹೋಗೋರು ಕಡಿಮೆ, ಎಲ್ಲರೂ ಗುಹೆ ಮುಂದೆ ಸೆಲ್ಫಿ ತಗೊಂಡು ಇಳಿದುಬಿಡ್ತಾರೆ. ಪಟ್ಟದಕಲ್ಲು 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದು ಬಂದ ನೆನಪಿಗೆ. ಮಕ್ಕಳಿಗೆ ಇದೆಲ್ಲ ಬೋರ್ ಆದರೆ ಮಹಾಕೂಟದ ಪುಷ್ಕರಣಿ ಇದೆ. ನೀರಿಗೆ ಇಳಿದರೆ ಮೇಲೆ ಬರೋಕೆ ಒಪ್ಪಲ್ಲ.

ಐಹೊಳೆಯಿಂದ ಅಮೀನಗಡ ಹತ್ತಿರ. ಕರದಂಟು ತಗೊಳ್ಳಿ. ಗೋಕಾಕದವರು ಇದನ್ನ ಓದಿ ಜಗಳಕ್ಕೆ ಬರಬೇಡಿ.

ಕರದಂಟಿನ ಕುಲ:

ಗೋಕಾಕದವನು. ಓದಿದೆ. ಬಂದೆ. ಕರದಂಟು ಅಂದರೆ ಗೋಕಾಕ. ಮುಂದಿನ ಮಾತು ಫಾಲ್ಸ್ ಹತ್ತಿರ ಸಿಕ್ಕಾಗ.

ರೊಟ್ಟಿ ಬಡಿಯುವವಳು:

ಮೈಸೂರಿನ ತಂಗಿ, ಇನ್ನೊಂದು ಮಾತು ಮರೆತಿದ್ದೆ. ಬಾದಾಮಿಗೆ ಹೋಗೋ ದಿನ ನಿಮ್ಮ ವೈನಿಯನ್ನೂ ಕರ್ಕೊಂಡು ಹೋಗಿ. ಮಕ್ಕಳನ್ನ ಅತ್ತೆ ಹತ್ತಿರ ಬಿಡಿ. "ಅವಳಿಗೆ ಕೆಲಸ ಐತಿ" ಅಂತ ಅತ್ತೆ ಹೇಳ್ತಾರೆ. ನೀವು ಕೇಳಿಸದವರ ಹಾಗೆ ಇರಿ.

ಮೈಸೂರ್ ಸೊಸೆ:

ವಾಪಸ್ ಬಂದು ಒಂದು ವಾರ ಆಯ್ತು. ಬಟ್ಟೆ ಒಗೆದು ಮುಗಿದಿಲ್ಲ, ಆದರೂ ಬರೆಯದೆ ಇರೋಕೆ ಆಗ್ತಿಲ್ಲ.

ಮೊದಲು ತಪ್ಪುಗಳು. ಬನ್ನಿ ದಿನ ಒಂದು ಮನೆ ಬಿಟ್ಟುಹೋಯ್ತು. ಅತ್ತೆಯ ದೂರದ ನೆಂಟರಂತೆ. ಮರುದಿನ ಬೆಳಗ್ಗೆ ಏಳಕ್ಕೆ ಆ ಮನೆ ಅಜ್ಜಿ ತಾವೇ ಬನ್ನಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದರು. "ನೀವು ಬರಲಿಲ್ಲ, ಅದಕ ನಾನಽ ಬಂದೆ" ಅಂದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ನಮ್ಮವರು ನನಗಿಂತ ಮೊದಲು ಅವರ ಕಾಲಿಗೆ ಬಿದ್ದರು.

ದೊಡ್ಡವನು ಮಿರ್ಚಿ ಭಜಿ ಕಚ್ಚಿದ. ಹೆಚ್ಚು ಹೇಳಲ್ಲ.

ಅಡುಗೆಮನೆ ವಿಷಯ. ಮೊದಲ ದಿನ ಕೇಳದೆ ಬಾಂಡೆಗೆ ಕೂತೆ. ಅತ್ತೆ "ಏ ಏ ಏ" ಅಂತ ಓಡಿ ಬಂದರು. ವೈನಿ ಏನೂ ಅನ್ನಲಿಲ್ಲ, ಸುಮ್ನೆ ನೋಡಿದರು. ಎರಡನೇ ದಿನ ಅವರೇ ಬೂದಿ, ನಾರು ಎಲ್ಲಿದೆ ಅಂತ ತೋರಿಸಿದರು. ಮೂರನೇ ದಿನ ರೊಟ್ಟಿ ಬಡಿಯೋಕೆ ಕೂತೆ. ಉಂಡೆ ಅಗಲ ಆಗೋ ಬದಲು ಕೈಗೇ ಅಂಟ್ಕೊಂಡು ಬಂತು. ವೈನಿ ನನ್ನ ಮಣಿಕಟ್ಟು ಹಿಡಿದು "ಬಡೀಬ್ಯಾಡ, ತಿರುಗಸು" ಅಂದರು. ಒಂದು ಕೈ ತಟ್ಟಬೇಕು, ಇನ್ನೊಂದು ಕೈ ಅಂಚು ಹಿಡಿದು ರೊಟ್ಟಿಯನ್ನ ಸುತ್ತಿಸ್ತಾ ಇರಬೇಕು. ಎಂಟು ದಿನದಲ್ಲಿ ತಿನ್ನೋ ಹಾಗಿನ ರೊಟ್ಟಿ ಮಾಡಿದ್ದು ನಾಲ್ಕು. ನಾಲ್ಕನ್ನೂ ನಮ್ಮವರೇ ತಿಂದರು, ಶಿಕ್ಷೆ ಅಂದ್ಕೊಳ್ಳಿ.

ಬಾದಾಮಿಗೆ ವೈನಿನ ಕರ್ಕೊಂಡು ಹೋದೆವು. ಅತ್ತೆ "ಅಕಿಗೆ ಕೆಲಸ ಐತಿ" ಅಂತ ಪದಕ್ಕೆ ಪದ ಅದನ್ನೇ ಹೇಳಿದರು! ನಾನು ಕೇಳಿಸದವಳ ಹಾಗೆ ಚಪ್ಪಲಿ ಹಾಕ್ಕೊಂಡೆ. ಬಸ್ಸಿನಲ್ಲಿ ಗೊತ್ತಾಯ್ತು, ವೈನಿ ಮದುವೆಯಾಗಿ ಬಂದು ಹನ್ನೊಂದು ವರ್ಷ ಆದರೂ ಗುಹೆ ಹತ್ತಿಲ್ಲ. ಬನಶಂಕರಿಗೆ ಹತ್ತಾರು ಸಲ ಹೋಗಿದ್ದಾರೆ. ಪ್ರತಿ ಸಲ ಕೆಳಗಿನ ರಸ್ತೆಯಲ್ಲೇ ಹೋಗಿ ಬಂದಿದ್ದಾರೆ. "ಯಾರರೆ ನೆಂಟರು ಬಂದರ ಅವರು ನೋಡ್ತಾರ, ನಾವು ಬುತ್ತಿ ಕಟ್ಟಿ ಕೊಡ್ತೀವಿ" ಅಂದರು. ಬೇಜಾರಿಂದ ಹೇಳಲಿಲ್ಲ, ಸುಮ್ನೆ ಹೇಳಿದರು.

ಮೆಟ್ಟಿಲು ಹತ್ತುವಾಗ ಒಂದು ಕೋತಿ ನನ್ನ ಕೈಯಿಂದ ಬಾಳೆಹಣ್ಣಿನ ಚೀಲ ಕಿತ್ಕೊಂಡಿತು. ನಾನು ಕಿರುಚಿದೆ. ವೈನಿ ಚಪ್ಪಲಿ ಕೈಗೆ ತಗೊಂಡು ಅದನ್ನ ಎರಡನೇ ಗುಹೆವರೆಗೆ ಓಡಿಸಿದರು. ಚೀಲ ಸಿಗಲಿಲ್ಲ. ಆದರೆ ಅವರು ಏದುಸಿರು ಬಿಡ್ತಾ ಕಂಬಕ್ಕೆ ಒರಗಿ ನಕ್ಕಿದ್ದು ಇದೆಯಲ್ಲ, ಆ ಮನೆಯಲ್ಲಿ ನಾನು ಆ ನಗು ಕೇಳಿರಲಿಲ್ಲ. ಮೂರನೇ ಗುಹೆಯಲ್ಲಿ ಛಾವಣಿ ನೋಡ್ತಾ ತುಂಬಾ ಹೊತ್ತು ನಿಂತಿದ್ದರು. ಮಳೆ ಚೆನ್ನಾಗಿ ಆಗಿತ್ತು, ಕೆಳಗೆ ಕೆರೆ ತುಂಬಿತ್ತು. ಕಪ್ಪೆ ಅರಭಟ್ಟನ ಹತ್ತಿರ ಹೋಗೋಕೆ ಆಗಲಿಲ್ಲ. ಶಾಸನದ ಹುಚ್ಚ ಅವರು ಕ್ಷಮಿಸಿ.

ಮಧ್ಯಾಹ್ನ ಬನಶಂಕರಿಯಲ್ಲಿ ಊಟ. ಗುಡಿ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿ, ಮೊಸರು ಇಟ್ಟುಕೊಂಡು ಕರೀತಾರೆ. ಕಟ್ಟೆ ಮೇಲೆ ಕೂತೆವು. ನಮಗೆ ಬಡಿಸಿದ ಅವ್ವ ವೈನಿಗೆ ರೊಟ್ಟಿ ಹಾಕಿ ಮೇಲೆ ಗುರೆಳ್ಳು ಚಟ್ನಿ, ಕಾಳು ಪಲ್ಯ ಹಾಕಿದರು. ವೈನಿ ಒಂದು ತುತ್ತು ತಿಂದು ನನ್ನ ಕಿವಿಯಲ್ಲಿ "ಅಂಚು ದಪ್ಪ ಆಗೇತಿ" ಅಂದರು. ಆಮೇಲೆ ಆ ಅವ್ವನ ಕಡೆ ಕೈ ಚಾಚಿ "ಇನ್ನೊಂದು ಹಾಕಬೇ" ಅಂದರು. ಮೂರು ರೊಟ್ಟಿ ತಿಂದರು. ಬೇರೆಯವರು ಬಡಿದ ರೊಟ್ಟಿ ಕೂತು ತಿಂದು ಎಷ್ಟು ದಿನ ಆಯ್ತು ಅಂತ ಕೇಳಬೇಕು ಅಂದ್ಕೊಂಡೆ, ಕೇಳಲಿಲ್ಲ.

ಸಂಜೆ ಮನೆಗೆ ಬಂದರೆ ಅತ್ತೆ ಸೊಂಟ ಹಿಡ್ಕೊಂಡು ಕೂತಿದ್ದರು. ನಾಲ್ಕು ಮಕ್ಕಳು, ಒಂದು ದಿನ. ಎರಡು ಹೊತ್ತು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮರುದಿನ ನಾನು ಕಾಫಿ ಮಾಡಿ ಕೊಟ್ಟ ಮೇಲೆ ಸ್ವಲ್ಪ ಕರಗಿದರು. ಪೂರ್ತಿ ಕರಗಿದ್ದು ಸೀಗಿ ಹುಣ್ಣಿಮೆ ದಿನ, ಹೊಲದಲ್ಲಿ. ಚಿಕ್ಕವಳು ಚರಗ ಚೆಲ್ಲೋಕೆ ಅವರ ಹಿಂದೆ ಹಿಂದೆ ಓಡಿ, ತಾನು ತಿನ್ನೋ ಕರ್ಚಿಕಾಯನ್ನೂ ತೊಗರಿ ಸಾಲಿಗೆ ಎಸೆದಾಗ.

ಹೊರಡೋ ದಿನ ಉಡಿ ತುಂಬಿದರು. ನಮ್ಮ ಕಡೆ ಮಡಿಲು ತುಂಬೋದು ಅಂತೀವಿ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಕೊಂಬು, ಎಲೆ ಅಡಿಕೆ. ಮೇಲೆ ಮೂರು ಮೂಲೆಯಾಗಿ ಮಡಚಿದ ಖಣ. ಆನೆ ಹೆಜ್ಜೆ ನಮೂನೆ, ಲಾಳಿ ಸದ್ದು ಅವರೇ. ನೇಕಾರರ ಮನೆಗೂ ಹೋಗಿದ್ದೆವು, ಚೌಕಾಸಿ ಮಾಡಲಿಲ್ಲ. ಗಂಟು ಮೂರು ಬಂದವು. ಒಂದರಲ್ಲಿ ಕಟಕ್ ರೊಟ್ಟಿ, ಇನ್ನೊಂದರಲ್ಲಿ ಚಟ್ನಿಗಳು, ಮೂರನೆಯದರಲ್ಲಿ ಏನಿದೆ ಅಂತ ರೈಲಿನಲ್ಲಿ ಬಿಚ್ಚಿ ನೋಡಿದರೆ ನಾನು ಒಯ್ದಿದ್ದ ಮೈಸೂರು ಪಾಕಿನ ಅರ್ಧ ಡಬ್ಬಿ. "ಮಕ್ಕಳಿಗೆ ದಾರಿಗೆ" ಅಂತ.

ಗುಡ್ಡದ ಹುಡುಗ:

ಬಚ್ಚಲು?

ಮೈಸೂರ್ ಸೊಸೆ:

ಐದೂವರೆ. ಎಂಟು ದಿನವೂ. ನಮ್ಮವರದ್ದು ಕೊಡದ ನೀರು.

ಲಾಡ್ಜ್ ಪಾರ್ಟಿ:

ದೀಪಾವಳಿಗೆ ಬೈಲಹೊಂಗಲಕ್ಕೆ ಹೊರಟಿದ್ದೀವಿ. ಮನೆಯಲ್ಲೇ ಇರ್ತೀವಿ. ಫ್ಯಾನ್ ಒಂದು ಕೊಂಡೊಯ್ತಿದ್ದೀನಿ.

ರೊಟ್ಟಿ ಬಡಿಯುವವಳು:

ತಂಗಿ, ಓದಿ ಕಣ್ಣಲ್ಲಿ ನೀರು ಬಂತು, ಕೋತಿ ಜಾಗದಲ್ಲಿ ನಗುನೂ ಬಂತು. ನಿಮ್ಮ ವೈನಿಯನ್ನ ಒಮ್ಮೆ ಮೈಸೂರಿಗೆ ಕರೀರಿ.

ಮೈಸೂರ್ ಸೊಸೆ:

ಕರೆದಾಯ್ತು ಅಕ್ಕ. ಬೇಸಿಗೆ ಸೂಟಿಗೆ ಐದೂ ಜನ ಬರ್ತಿದ್ದಾರೆ. ನಿನ್ನೆ ಫೋನ್ ಮಾಡಿದ್ದರು. ಮೊದಲು ಕೇಳಿದ್ದು, "ನಿಮ್ಮ ಮನ್ಯಾಗ ಬಚ್ಚಲಾ ಎಷ್ಟವ?"